ಎಂಟು ಚುಕ್ಕೆ, ಮೂರು ವಿಚಾರಣೆ: ಡೇವಿಡ್ ಕ್ಯಾಮ್ ಪ್ರಕರಣದಲ್ಲಿ ರಕ್ತಕಲೆಯ ಓದು ಎಲ್ಲಿ ತಪ್ಪಿತು

ಒಂದು ಟೀ ಶರ್ಟ್. ಅದರ ಕೆಳ ಅಂಚಿನ ಹತ್ತಿರ 8 ರಕ್ತದ ಚುಕ್ಕೆಗಳು. ಒಂದೊಂದೂ ಸಾಸಿವೆ ಕಾಳಿಗಿಂತ ಚಿಕ್ಕದು. ಅಂಗಿ ತಂದೆಯದು, ರಕ್ತ ಐದು ವರ್ಷದ ಮಗಳದು. ಇಷ್ಟರ ಬಗ್ಗೆ ಯಾರಿಗೂ ತಕರಾರಿರಲಿಲ್ಲ, ಡಿಎನ್‌ಎ ಪರೀಕ್ಷೆ ಅದನ್ನು ಸ್ಪಷ್ಟವಾಗಿ ಹೇಳಿತ್ತು. ತಕರಾರು ಇದ್ದದ್ದು ಒಂದೇ: ಆ ರಕ್ತ ಗಾಳಿಯಲ್ಲಿ ಹಾರಿ ಬಂದು ಅಂಗಿಯ ಮೇಲೆ ಕೂತಿತೋ, ಅಂಗಿಯೇ ರಕ್ತಕ್ಕೆ ತಾಗಿತೋ? ಹಾರಿ ಬಂದಿದ್ದರೆ ಗುಂಡು ಹಾರುವ ಹೊತ್ತಿಗೆ ತಂದೆ ಅಲ್ಲೇ ಇದ್ದ. ತಾಗಿದ್ದರೆ, ಎಲ್ಲ ಮುಗಿದ ಮೇಲೆ ಬಂದು ಮಕ್ಕಳನ್ನು ಬದುಕಿಸಲು ಒದ್ದಾಡಿದ. ಈ ಒಂದು ಪ್ರಶ್ನೆಯ ಸುತ್ತ ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿ ಮೂರು ವಿಚಾರಣೆಗಳು ನಡೆದವು. ಹದಿಮೂರು ವರ್ಷ ಕಳೆಯಿತು.

ರಕ್ತಕಲೆ ವಿಶ್ಲೇಷಣೆಯಲ್ಲಿ ತಪ್ಪುಗಳು ಹೇಗೆ ಹುಟ್ಟುತ್ತವೆ ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ ಕೋನ, ಎತ್ತರ, ಅಳತೆಗಳದ್ದು. ಅವೂ ನಿಜ, ಅವುಗಳ ಬಗ್ಗೆಯೂ ಬರೆಯುತ್ತೇನೆ. ಆದರೆ ಈ ಪ್ರಕರಣವನ್ನು ನಾನು ಆರಿಸಿಕೊಂಡದ್ದು ಬೇರೆ ಕಾರಣಕ್ಕೆ. ಇಲ್ಲಿ ಯಾರೂ ಅಳತೆಯಲ್ಲಿ ಎಡವಲಿಲ್ಲ. ಚುಕ್ಕೆಗಳಿಗೆ ಹೆಸರಿಡುವಾಗಲೇ ಎಡವಿದರು.

2000ದ ಸೆಪ್ಟೆಂಬರ್ 28

ಡೇವಿಡ್ ಕ್ಯಾಮ್ ಇಂಡಿಯಾನಾ ರಾಜ್ಯ ಪೊಲೀಸ್‌ನಲ್ಲಿದ್ದವನು. ಆ ವರ್ಷವೇ ಕೆಲಸ ಬಿಟ್ಟು ಬಂಧುವಿನ ಉದ್ಯಮ ಸೇರಿದ್ದ. ಆ ಸಂಜೆ ಸುಮಾರು 7 ಗಂಟೆಯಿಂದ ಚರ್ಚಿನ ಜಿಮ್‌ನಲ್ಲಿ ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದೆ ಎಂದು ಅವನ ಹೇಳಿಕೆ. ಜೊತೆಗೆ ಆಡಿದ 11 ಜನ ಅದನ್ನೇ ಹೇಳಿದರು. ರಾತ್ರಿ 9 ಗಂಟೆ ದಾಟಿದ ಮೇಲೆ ಜಾರ್ಜ್‌ಟೌನ್‌ನ ಮನೆಗೆ ಮರಳಿದಾಗ ಗ್ಯಾರೇಜಿನಲ್ಲಿ ಹೆಂಡತಿ ನೆಲದ ಮೇಲೆ ಗುಂಡೇಟಿಗೆ ಸತ್ತು ಬಿದ್ದಿದ್ದಳು. ಏಳು ವರ್ಷದ ಮಗ, ಐದು ವರ್ಷದ ಮಗಳು ಅಲ್ಲೇ ನಿಂತಿದ್ದ ಫೋರ್ಡ್ ಬ್ರಾಂಕೊ ವಾಹನದ ಹಿಂದಿನ ಸೀಟಿನಲ್ಲಿದ್ದರು. ಮಗನಿಗೆ ಇನ್ನೂ ಜೀವ ಇರಬಹುದು ಅನ್ನಿಸಿ ವಾಹನದೊಳಗೆ ತೂರಿ, ಅವನನ್ನು ಹೊರಗೆಳೆದು ನೆಲಕ್ಕೆ ಮಲಗಿಸಿ ಉಸಿರು ಕೊಡಲು ಯತ್ನಿಸಿದೆ, ಆಮೇಲೆ ತಾನು ಹಿಂದೆ ಕೆಲಸ ಮಾಡಿದ್ದ ಪೊಲೀಸ್ ಠಾಣೆಗೆ ಫೋನ್ ಮಾಡಿದೆ ಎಂದು ಅವನು ಹೇಳಿದ.

ಮಗನನ್ನು ಎತ್ತಲು ಒಳಗೆ ಬಾಗಿದಾಗ ಪಕ್ಕದಲ್ಲಿ ಕೂತಿದ್ದ ಮಗಳ ದೇಹದ ಮೇಲೆ ಅವನ ಮೈ ಚಾಚಿಕೊಂಡಿರಲೇಬೇಕು. ಅಂಗಿಯ ಕೆಳ ಅಂಚು ಜೋತುಬಿದ್ದಿರುತ್ತದೆ. ಮಗಳ ಕೂದಲು ರಕ್ತದಲ್ಲಿ ತೊಯ್ದಿತ್ತು. ಇದನ್ನು ಓದುಗರು ನೆನಪಿನಲ್ಲಿಡಬೇಕು, ಮುಂದೆ ಎಲ್ಲವೂ ಇದಕ್ಕೇ ಮರಳಿ ಬರುತ್ತದೆ.

ಮೂರು ದಿನಗಳಲ್ಲಿ ಬಂದ ತೀರ್ಮಾನ

ಸ್ಥಳೀಯ ಪ್ರಾಸಿಕ್ಯೂಟರ್ ಹೊರ ರಾಜ್ಯದ ಒಬ್ಬ ಹೆಸರಾಂತ ಘಟನಾ ಮರುನಿರ್ಮಾಣ ತಜ್ಞನಿಗೆ ಕರೆ ಮಾಡಿದರು. ತಜ್ಞನಿಗೆ ಬಿಡುವಿರಲಿಲ್ಲ. ಫೋಟೋ ತೆಗೆದು ದಾಖಲೆ ಮಾಡಿಕೊಂಡು ಬಾ ಎಂದು ತನ್ನ ಸಹಾಯಕನನ್ನು ಕಳಿಸಿದ. ಬಂದ ಸಹಾಯಕ ಅಂಗಿಯನ್ನು ನೋಡಿ, ಈ ಚುಕ್ಕೆಗಳು 'ಅತಿವೇಗದ ಸಿಡಿತ' ಎಂದ. ಗ್ಯಾರೇಜಿನ ನೆಲದ ಮೇಲೆ ಹರಿದಿದ್ದ ರಕ್ತದ ಅಂಚು ತಿಳಿಯಾಗಿ ಕಂಡದ್ದನ್ನು ನೋಡಿ, ಯಾರೋ ಕ್ಷಾರೀಯ ಶುಚಿಕಾರಕ ಸುರಿದು ತೊಳೆಯಲು ಯತ್ನಿಸಿದ್ದಾರೆ ಎಂದ. ಎರಡೂ ಮಾತುಗಳು, 'ಘಟನಾ ಮರುನಿರ್ಮಾಣ ತಜ್ಞ'ನ ಅಭಿಪ್ರಾಯ ಎಂಬ ತೂಕದೊಂದಿಗೆ, ಬಂಧನಕ್ಕೆ ಆಧಾರವಾದ ಪ್ರಮಾಣಪತ್ರದಲ್ಲಿ ಸೇರಿಕೊಂಡವು. ಅಕ್ಟೋಬರ್ 1ರಂದು ಕ್ಯಾಮ್ ಬಂಧನವಾಯಿತು.

ಸಹಾಯಕನಿಗೆ ರಕ್ತಕಲೆ ಓದುವ ತರಬೇತಿಯೇ ಇರಲಿಲ್ಲ. ನ್ಯಾಯಾಲಯದಲ್ಲಿ ತನ್ನ ಅರ್ಹತೆಯ ಬಗ್ಗೆ ಹೇಳಿಕೊಂಡದ್ದು ನಿಜವಲ್ಲ ಎಂದು ವರ್ಷಗಳ ನಂತರ ಅವನೇ ಒಪ್ಪಿಕೊಂಡ. ಈ ಪ್ರಕರಣದ ಬಗ್ಗೆ ಬರೆಯುವವರು ಹೆಚ್ಚಾಗಿ ಇಲ್ಲಿಗೇ ನಿಲ್ಲುತ್ತಾರೆ: ಅರ್ಹತೆ ಇಲ್ಲದವನೊಬ್ಬ ಹಾಳು ಮಾಡಿದ, ಅಷ್ಟೇ. ಅಷ್ಟೇ ಆಗಿದ್ದರೆ ಎಷ್ಟು ಚೆನ್ನಾಗಿತ್ತು! ಅವನನ್ನು ತೆಗೆದುಹಾಕಿದರೆ ತಪ್ಪೂ ಹೋಗುತ್ತಿತ್ತು. ಆದರೆ ಮುಂದಿನ ವರ್ಷಗಳಲ್ಲಿ ದಶಕಗಳ ಅನುಭವವಿದ್ದ, ಪಠ್ಯ ಬರೆದ, ಇತರರಿಗೆ ತರಬೇತಿ ಕೊಟ್ಟ ತಜ್ಞರೂ ಅದೇ 8 ಚುಕ್ಕೆಗಳನ್ನು ನೋಡಿ ಗುಂಡಿನ ಸಿಡಿತವೇ ಎಂದು ಪ್ರಮಾಣ ಮಾಡಿ ನುಡಿದರು. ಅಷ್ಟೇ ಅನುಭವದ ಬೇರೆ ತಜ್ಞರು ಪ್ರತಿವಾದಿ ಪರವಾಗಿ ನಿಂತು, ಇದು ಕೂದಲ ತುದಿ ತಾಗಿದ ಗುರುತು ಎಂದರು. ಒಬ್ಬನ ಅಜ್ಞಾನದಿಂದ ಇಷ್ಟು ದೊಡ್ಡ ಒಡಕು ಹುಟ್ಟುವುದಿಲ್ಲ. ವಿಧಾನದಲ್ಲೇ ಏನೋ ಸಡಿಲವಿತ್ತು.

ಮೊದಲು ಆ 'ತೊಳೆದ ಗುರುತಿ'ನ ಕಥೆ ಮುಗಿಸಿಬಿಡುತ್ತೇನೆ, ಅದು ಸರಳ. ಮೈಯಿಂದ ಹೊರಬಂದ ರಕ್ತ ಕೆಲವೇ ನಿಮಿಷಗಳಲ್ಲಿ ಹೆಪ್ಪುಗಟ್ಟತೊಡಗುತ್ತದೆ. ಹೆಪ್ಪು ಕುಗ್ಗುತ್ತಾ ಹೋದಂತೆ ಅದರಿಂದ ತಿಳಿಹಳದಿ ಸೀರಮ್ ಬೇರ್ಪಟ್ಟು ಇಳಿಜಾರಿನತ್ತ ಹರಿಯುತ್ತದೆ. ಕೆಂಪು ಗಡ್ಡೆಯ ಸುತ್ತ ನೀರು ಬೆರೆಸಿದಂಥ ಅಂಚು ಕಾಣುವುದು ಅದರಿಂದಲೇ. ಆಸ್ಪತ್ರೆಯಲ್ಲಿ ರಕ್ತದ ಕೊಳವೆಯನ್ನು ಅರ್ಧ ಗಂಟೆ ಹಾಗೇ ಇಟ್ಟರೆ ಮೇಲೆ ನಿಲ್ಲುವ ದ್ರವವೂ ಇದೇ. ಗ್ಯಾರೇಜಿನಲ್ಲಿ ಆದದ್ದೂ ಇಷ್ಟೇ ಎಂದು ನಂತರ ತಿಳಿಯಿತು. ಹೆಪ್ಪುಗಟ್ಟುವ ಬಗೆ ಗೊತ್ತಿಲ್ಲದ ಕಣ್ಣಿಗೆ ಪ್ರಕೃತಿಯ ಕೆಲಸವೇ ಸಾಕ್ಷ್ಯನಾಶದಂತೆ ಕಂಡಿತು. ತೊಳೆದಿದ್ದಾರೆ ಎಂದಮೇಲೆ ತೊಳೆದವನು ಮನೆಯವನೇ ಇರಬೇಕು ಎಂಬ ಊಹೆ ತಾನಾಗಿ ಹಿಂದೆ ಬಂತು.

ಹೆಸರಿನೊಳಗೇ ಅಡಗಿದ ತೀರ್ಪು

ಕನ್ನಡದಲ್ಲಿ ಯೋಚಿಸಿ ನೋಡಿ. ರಕ್ತ ತೊಟ್ಟಿಕ್ಕಿತು, ಸಿಡಿಯಿತು, ಚಿಮ್ಮಿತು, ಹರಿಯಿತು, ಮೆತ್ತಿತು, ತಾಗಿತು. ಈ ಕ್ರಿಯಾಪದಗಳಲ್ಲಿ ಒಂದೊಂದೂ ಒಂದು ಘಟನೆಯನ್ನೇ ಹೇಳುತ್ತದೆ. ಬಟ್ಟೆಯ ಮೇಲೆ ನಿಜಕ್ಕೂ ಕಾಣುವುದು ಚುಕ್ಕೆ, ಗೆರೆ, ಮಚ್ಚೆ, ಅಂಚು. 'ಸಿಡಿದ ಕಲೆ' ಎಂದು ಬರೆದ ಕ್ಷಣ ನಾವು ಕಂಡದ್ದನ್ನು ಬರೆದಿಲ್ಲ, ಅದು ಹೇಗೆ ಬಂತು ಎಂಬ ತೀರ್ಮಾನವನ್ನು ಬರೆದಿದ್ದೇವೆ. ರಕ್ತಕಲೆ ವಿಶ್ಲೇಷಣೆಯ ಪರಿಭಾಷೆಯಲ್ಲಿ ಈ ಕಲಬೆರಕೆ ಮೊದಲಿನಿಂದ ಇದೆ.

'ಅತಿವೇಗದ ಸಿಡಿತ' ಎಂಬ ಹೆಸರಿನ ಇತಿಹಾಸ ನೋಡಿದರೆ ಇದು ಸ್ಪಷ್ಟವಾಗುತ್ತದೆ. ಹಳೆಯ ಪದ್ಧತಿಯಲ್ಲಿ ಕಲೆಗಳನ್ನು ಮೂರು ವೇಗದ ಗುಂಪುಗಳಾಗಿ ಹಂಚುತ್ತಿದ್ದರು. 4 ಮಿಲಿಮೀಟರ್‌ಗಿಂತ ದೊಡ್ಡವು ಮಂದ ವೇಗ, 1ರಿಂದ 4 ಮಿಲಿಮೀಟರ್‌ವರೆಗಿನವು ಮಧ್ಯಮ ವೇಗ, 1 ಮಿಲಿಮೀಟರ್‌ಗಿಂತ ಸಣ್ಣವು ಅತಿವೇಗ. ಅತಿವೇಗ ಎಂದರೆ ರಕ್ತದ ಮೇಲೆ ಎರಗಿದ ಬಲ ಸೆಕೆಂಡಿಗೆ 100 ಅಡಿಗಿಂತ ವೇಗದ್ದು, ಅಂದರೆ ಬಹುಮಟ್ಟಿಗೆ ಗುಂಡು. ಈ ಸರಪಣಿಯಲ್ಲಿ ಗಾತ್ರದಿಂದ ವೇಗಕ್ಕೆ, ವೇಗದಿಂದ ಬಂದೂಕಿಗೆ ಎರಡು ಹೆಜ್ಜೆ. ಎರಡೂ ಹಿಂದುಮುಂದಾಗಿವೆ. ಗುಂಡು ಹೊಡೆದಾಗ ಸಣ್ಣ ಹನಿಗಳು ಹುಟ್ಟುತ್ತವೆ ಎಂಬುದು ನಿಜ. ಸಣ್ಣ ಹನಿ ಕಂಡರೆ ಗುಂಡು ಹೊಡೆದಿದೆ ಎಂಬುದು ಅದರಿಂದ ಹೊರಡುವುದಿಲ್ಲ. ಗಾಯಾಳು ಕೆಮ್ಮಿದರೆ ಬಾಯಿಂದ ಸಣ್ಣ ಹನಿ ಚಿಮ್ಮುತ್ತದೆ. ರಕ್ತದ ಮಡುವಿಗೆ ಮೇಲಿಂದ ರಕ್ತ ತೊಟ್ಟಿಕ್ಕಿದರೆ ಸುತ್ತಲೂ ಸಣ್ಣ ಹನಿಗಳು ಏಳುತ್ತವೆ. ರಕ್ತದ ಮೇಲೆ ಕೂತೆದ್ದ ನೊಣ ಗೋಡೆಯ ಮೇಲೆ ಬಿಟ್ಟುಹೋಗುವ ಚುಕ್ಕೆಯೂ ಅದೇ ಗಾತ್ರದ್ದು. ತೊಯ್ದ ಕೂದಲ ತುದಿ ಬಟ್ಟೆಗೆ ತಾಗಿದರೂ ಅಷ್ಟೇ.

2009ರ ಹೊತ್ತಿಗೆ ಈ ಕ್ಷೇತ್ರದವರ ವೈಜ್ಞಾನಿಕ ಕಾರ್ಯತಂಡವೇ ಹೊಸ ಪರಿಭಾಷೆ ರೂಪಿಸಿ ವೇಗದ ಗುಂಪುಗಳನ್ನು ಕೈಬಿಟ್ಟಿತು. ಒಳ್ಳೆಯ ಹೆಜ್ಜೆ. ಆದರೆ ಹೊಸ ಹೆಸರುಗಳೂ (ಹೊಡೆತದ ಸಿಡಿತ, ಉಸಿರಿನ ಸಿಡಿತ, ತಾಗುಗಲೆ) ಕಾರಣವನ್ನೇ ಹೆಸರಾಗಿ ಹೊತ್ತಿವೆ. ಹಾಗಾಗಿ ನನಗೆ ಸಮಾಧಾನ ಅರ್ಧ ಮಾತ್ರ.

ಕ್ಯಾಮ್ ಪ್ರಕರಣದಲ್ಲಿ ಮೊದಲ ದಿನಗಳಲ್ಲೇ 'ಅತಿವೇಗ' ಎಂಬ ಪದ ಕಾಗದದ ಮೇಲೆ ಬಂತು. ಮುಂದೆ ನೋಡಿದವರೆಲ್ಲ ಬರಿಯ 8 ಚುಕ್ಕೆಗಳನ್ನು ನೋಡಲಿಲ್ಲ, ಹೆಸರು ಬಿದ್ದ 8 ಚುಕ್ಕೆಗಳನ್ನು ನೋಡಿದರು.

ಬಟ್ಟೆ ಎಂಬ ಕಷ್ಟದ ಕಾಗದ

ಗಟ್ಟಿ, ನುಣುಪು ಮೇಲ್ಮೈಯಲ್ಲಿ ರಕ್ತಕಲೆ ಓದುವುದಕ್ಕೆ ಒಂದು ಗಣಿತವಿದೆ. ಓರೆಯಾಗಿ ಬಂದ ಹನಿ ಅಂಡಾಕಾರದ ಕಲೆ ಬಿಡುತ್ತದೆ. ಅದರ ಅಗಲವನ್ನು ಉದ್ದದಿಂದ ಭಾಗಿಸಿದರೆ ಹನಿ ಬಂದ ಕೋನದ ಸೈನ್ (ತ್ರಿಕೋನಮಿತಿಯ ಅನುಪಾತ) ಸಿಗುತ್ತದೆ. ಹಲವು ಕಲೆಗಳ ದಿಕ್ಕನ್ನು ಹಿಂದಕ್ಕೆ ಎಳೆದರೆ ಗೆರೆಗಳು ಕೂಡುವ ಜಾಗ ಸಿಗುತ್ತದೆ, ಕೋನ ಸೇರಿಸಿದರೆ ಎತ್ತರವೂ ಸಿಗುತ್ತದೆ. ದಾರ ಕಟ್ಟಿ ಮಾಡುತ್ತಿದ್ದ ಈ ಕೆಲಸವನ್ನು ಈಗ ಕಂಪ್ಯೂಟರ್ ಮಾಡುತ್ತದೆ.

ಇದರಲ್ಲೂ ದೋಷಗಳಿವೆ. ಅಗಲ ಉದ್ದಗಳ ಅನುಪಾತ 0.30 ಇದ್ದದ್ದನ್ನು 0.33 ಎಂದು ಅಳೆದರೆ ಕೋನ ಸುಮಾರು 17.5 ಡಿಗ್ರಿಯಿಂದ 19.3ಕ್ಕೆ ಹೋಗುತ್ತದೆ, ಎರಡು ಡಿಗ್ರಿಯೂ ಅಲ್ಲ. ಅದೇ 0.03 ವ್ಯತ್ಯಾಸ 0.95ರಿಂದ 0.98ಕ್ಕೆ ಆದರೆ ಕೋನ ಸುಮಾರು 72ರಿಂದ 78.5ಕ್ಕೆ ಜಿಗಿಯುತ್ತದೆ. ಕಲೆ ದುಂಡಗಾದಷ್ಟೂ ಅಳತೆಯ ಚಿಕ್ಕ ತಪ್ಪು ದೊಡ್ಡ ತಪ್ಪಾಗುತ್ತದೆ. ಹನಿ ನೇರ ಗೆರೆಯಲ್ಲಿ ಬಂತು ಎಂದು ದಾರ ಊಹಿಸುತ್ತದೆ, ನಿಜದಲ್ಲಿ ಗುರುತ್ವ ಅದನ್ನು ಬಾಗಿಸುತ್ತದೆ, ಗಾಳಿ ತಡೆಯುತ್ತದೆ. ಆದ್ದರಿಂದ ಲೆಕ್ಕಕ್ಕೆ ಸಿಗುವ ಎತ್ತರ ನಿಜಕ್ಕಿಂತ ಹೆಚ್ಚೇ ಇರುತ್ತದೆ. ಕೂತವನಿಗೆ ಬಿದ್ದ ಏಟು ನಿಂತವನಿಗೆ ಬಿದ್ದಂತೆ ಕಾಣಬಹುದು. ಇವೆಲ್ಲ ಗೊತ್ತಿರುವ ದೋಷಗಳು, ದಿಕ್ಕೂ ಗೊತ್ತು, ತಕ್ಕಮಟ್ಟಿಗೆ ಪ್ರಮಾಣವೂ ಗೊತ್ತು. ಗೊತ್ತಿರುವ ದೋಷವನ್ನು ವರದಿಯಲ್ಲಿ ಬರೆಯಬಹುದು.

ಟೀ ಶರ್ಟಿನ ಮೇಲೆ ಈ ಗಣಿತದ ಆಸರೆಯೇ ಇಲ್ಲ. ಹತ್ತಿಯ ಹೆಣಿಗೆ ಬಟ್ಟೆಯ ಒಂದೊಂದು ಕುಣಿಕೆಯ ಅಗಲವೂ 1 ಮಿಲಿಮೀಟರ್‌ಗಿಂತ ಕಡಿಮೆ. ಅದರ ಮೇಲೆ 1 ಮಿಲಿಮೀಟರ್‌ಗಿಂತ ಸಣ್ಣ ಹನಿ ಬಿದ್ದರೆ ಅದು ಒಂದೆರಡು ಕುಣಿಕೆಗಳ ಮೇಲಷ್ಟೇ ಕೂರುತ್ತದೆ. ನೂಲು ರಕ್ತವನ್ನು ಹೀರಿಕೊಂಡು ತನ್ನ ಉದ್ದಕ್ಕೆ ಒಯ್ಯುತ್ತದೆ. ಆಮೇಲೆ ಕಾಣುವ ಆಕಾರ ಹನಿಯದ್ದಲ್ಲ, ನೂಲಿನದ್ದು. ಅಂಡಾಕಾರವೂ ಇಲ್ಲ, ಬಾಲವೂ ಇಲ್ಲ, ದಿಕ್ಕೂ ಇಲ್ಲ. ಜೊತೆಗೆ ಅಂಗಿ ಮೈಮೇಲೆ ಅಲುಗಾಡುತ್ತದೆ, ಮಡಿಕೆ ಬೀಳುತ್ತದೆ, ಬಾಗಿದರೆ ಜೋತುಬೀಳುತ್ತದೆ. ಹನಿ ಬಂದ ಕ್ಷಣದಲ್ಲಿ ಅದರ ಅಂಚು ಯಾವ ಕೋನದಲ್ಲಿತ್ತು ಎಂದು ಹೇಳುವವರಾರು?

ಹಾಗಾದರೆ ತಜ್ಞರು ನೋಡಿದ್ದು ಏನನ್ನು? ಸೂಕ್ಷ್ಮದರ್ಶಕದಲ್ಲಿ ರಕ್ತ ನೂಲಿನ ಉಬ್ಬಿನ ಮೇಲಷ್ಟೇ ಇದೆಯೋ, ಕುಣಿಕೆಗಳ ನಡುವಿನ ಕುಳಿಗೂ ಇಳಿದಿದೆಯೋ ಎಂದು. ತಾಗಿದ ರಕ್ತ ಉಬ್ಬಿನ ಮೇಲೆ ನಿಲ್ಲುತ್ತದೆ, ಹಾರಿ ಬಂದ ಹನಿ ಕುಳಿಗೂ ಇಳಿಯುತ್ತದೆ ಎಂಬುದು ತರ್ಕ. ತರ್ಕ ಚೆನ್ನಾಗಿದೆ. ಆದರೆ ಉಬ್ಬಿಗೆ ತಾಗಿದ ರಕ್ತ ಒದ್ದೆಯಾಗಿದ್ದರೆ ಕ್ಷಣದಲ್ಲಿ ಕುಳಿಗೂ ಹರಿಯಬಹುದು. ಅರ್ಧ ಹೆಪ್ಪುಗಟ್ಟಿ ಗಟ್ಟಿಯಾಗಿದ್ದ ಹನಿ ಉಬ್ಬಿನ ಮೇಲೇ ನಿಲ್ಲಬಹುದು. ಬಟ್ಟೆ ಒಗೆದದ್ದೋ ಹೊಸದೋ, ಬೆವರಿನಲ್ಲಿ ಒದ್ದೆಯಾಗಿತ್ತೋ (ಎರಡು ಗಂಟೆ ಆಟ ಆಡಿ ಬಂದವನ ಅಂಗಿ ಇದು) ಎಂಬುದರ ಮೇಲೂ ಎಲ್ಲ ಬದಲಾಗುತ್ತದೆ. ಕೂದಲ ತುದಿಯ ವಿಷಯವಂತೂ ಇನ್ನೂ ಸೂಕ್ಷ್ಮ. ಕೈ ಒರೆಸಿದ ಗುರುತಿನ ಹಾಗೆ ಅದು ಉದ್ದ ಎಳೆಯಾಗಿ ಬರಬೇಕಿಲ್ಲ. ಹಲವು ತುದಿಗಳು ಒಟ್ಟಿಗೆ ತಾಗಿ ಸರಿದರೆ ಉಳಿಯುವುದು ಬಿಡಿಬಿಡಿ ಸಣ್ಣ ಚುಕ್ಕೆಗಳು. ದೂರದಿಂದ ನೋಡಿದವನಿಗೆ ಅದು ಸಿಂಪಡಿಸಿದ ಹಾಗೆಯೇ ಕಾಣುತ್ತದೆ.

ಎಂಟು ಸಾಕೇ?

ವಿಚಾರಣೆಗಳ ಗದ್ದಲದಲ್ಲಿ ಈ ಪ್ರಶ್ನೆಗೆ ಸಿಗಬೇಕಾದಷ್ಟು ಗಮನ ಬಹಳ ಕಾಲ ಸಿಗಲಿಲ್ಲ. ವಿನ್ಯಾಸ ಎಂದರೆ ಹಂಚಿಕೆ. ಎಷ್ಟು ಚುಕ್ಕೆಗಳು, ಎಷ್ಟು ಜಾಗದಲ್ಲಿ, ಎಲ್ಲಿ ದಟ್ಟ, ಎಲ್ಲಿ ವಿರಳ, ದಿಕ್ಕು ಹೇಗೆ ಬದಲಾಗುತ್ತದೆ ಎಂಬುದೆಲ್ಲ ಸೇರಿದರೆ ವಿನ್ಯಾಸ. ನೂರು ಚುಕ್ಕೆಗಳಿದ್ದರೆ ಅವು ಒಂದನ್ನೊಂದು ಪರೀಕ್ಷಿಸುತ್ತವೆ. ಎರಡು ಮೂರನ್ನು ತಪ್ಪಾಗಿ ಓದಿದರೂ ಉಳಿದವು ತಿದ್ದುತ್ತವೆ. ಒಂದೇ ಮೂಲೆಯಲ್ಲಿರುವ, ದಿಕ್ಕು ತೋರದ 8 ಚುಕ್ಕೆಗಳು ಏನನ್ನೂ ತಿದ್ದಲಾರವು. ಇಷ್ಟು ಕಡಿಮೆ ಕಲೆಗಳಿಂದ ತೀರ್ಮಾನಕ್ಕೆ ಬರಬಾರದು ಎಂಬ ವಾದ ಮೂರನೆಯ ವಿಚಾರಣೆಯಲ್ಲಿ ಜ್ಯೂರಿಯ ಮುಂದೆ ಬಂತು.

ಗುಂಡಿನ ಸಿಡಿತಕ್ಕೂ ತನ್ನದೇ ಲಕ್ಷಣಗಳಿವೆ. ಗುಂಡು ಹೊಕ್ಕ ಗಾಯದಿಂದ ಹಿಂದಕ್ಕೆ, ಅಂದರೆ ಬಂದೂಕು ಹಿಡಿದವನತ್ತ, ಬರುವ ಸಿಡಿತ ಮಂಜಿನಂಥದು. ಸಣ್ಣ ಹನಿಗಳಿಗೆ ಗಾಳಿಯ ತಡೆ ಬಲು ಬೇಗ ತಟ್ಟುವುದರಿಂದ ಅದು ದೂರ ಹೋಗಲಾರದು. ಗುಂಡು ಹಾರಿಸಿದವನ ಮೇಲೆ ಬಿದ್ದರೆ ಕೈ, ತೋಳು, ಎದೆಯ ಭಾಗಗಳಲ್ಲಿ ಬೀಳುವುದು ಸಹಜ. ಇಡೀ ಅಂಗಿಯಲ್ಲಿ ಕೆಳ ಅಂಚಿನ ಒಂದು ಚಿಕ್ಕ ಜಾಗದಲ್ಲಿ ಮಾತ್ರ ಬಿದ್ದು ಉಳಿದೆಡೆ ಇಲ್ಲದಿದ್ದರೆ, ಹೀಗೇಕೆ ಎಂದು ಕೇಳಬೇಕು. ಒಪ್ಪಿಕೊಳ್ಳುತ್ತೇನೆ, ಹಿಂದಕ್ಕೆ ಸಿಡಿಯದೇ ಇರುವ ಗುಂಡೇಟುಗಳೂ ಇವೆ. ಕೂದಲು, ಬಟ್ಟೆ ಅಡ್ಡ ಬಂದರೆ ಸಿಡಿತ ಅಲ್ಲೇ ನಿಂತುಹೋಗುತ್ತದೆ. ಹಾಗಾಗಿ ಉಳಿದೆಡೆ ಇಲ್ಲ ಎಂಬುದರಿಂದ ಆತ ನಿರಪರಾಧಿ ಎಂದು ಸಾಧಿಸಲು ಬರುವುದಿಲ್ಲ. ಇಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ. ಗುಂಡು ಹಾರಿಸಿದ್ದರೆ ಈ 8 ಚುಕ್ಕೆಗಳು ಹೀಗೆ ಕಾಣುವ ಸಾಧ್ಯತೆ ಎಷ್ಟು? ಬಾಗಿ ಮಗನನ್ನು ಎತ್ತಿದ್ದರೆ ಹೀಗೆ ಕಾಣುವ ಸಾಧ್ಯತೆ ಎಷ್ಟು? ಎರಡನ್ನೂ ಅಕ್ಕಪಕ್ಕ ಇಟ್ಟು ತೂಗಬೇಕು. 'ಗುಂಡಿಗೆ ಹೊಂದುತ್ತದೆ' ಎಂದು ಹೇಳಿ ನಿಲ್ಲಿಸಿದವನು ತಕ್ಕಡಿಯ ಒಂದೇ ತಟ್ಟೆಯನ್ನು ತೋರಿಸಿದ್ದಾನೆ.

ಕಾಲರಿನ ಮೇಲಿದ್ದ ಹೆಸರು

ಆ ರಾತ್ರಿ ಗ್ಯಾರೇಜಿನಲ್ಲಿ, ಮಗನ ದೇಹದ ಕೆಳಗೆ, ಒಂದು ಬೂದು ಬಣ್ಣದ ಸ್ವೆಟ್‌ಶರ್ಟ್ ಸಿಕ್ಕಿತ್ತು. ಮನೆಯವರದ್ದಲ್ಲ. ಕಾರಾಗೃಹದಲ್ಲಿ ಕೈದಿಗಳಿಗೆ ಕೊಡುವಂಥದು. ಕಾಲರಿನ ಮೇಲೆ 'ಬ್ಯಾಕ್‌ಬೋನ್' ಎಂದು ಬರೆದಿತ್ತು. ಅದರ ಮೇಲೆ ಅಪರಿಚಿತ ಗಂಡಸಿನ ಡಿಎನ್‌ಎ ಇತ್ತು. ಬ್ರಾಂಕೊ ಮೇಲೆ ಗುರುತು ಸಿಗದ ಅಂಗೈ ಅಚ್ಚು ಇತ್ತು. ಹೆಂಡತಿಯ ಶೂಗಳನ್ನು ಕಳಚಿ ವಾಹನದ ಮೇಲೆ ನೀಟಾಗಿ ಇಟ್ಟಿದ್ದರು.

ಇವೆಲ್ಲ ಇದ್ದೂ 2002ರ ಮಾರ್ಚ್ 17ರಂದು ಜ್ಯೂರಿ ಕ್ಯಾಮ್ ತಪ್ಪಿತಸ್ಥ ಎಂದಿತು. 195 ವರ್ಷದ ಶಿಕ್ಷೆ. 2004ರಲ್ಲಿ ರಾಜ್ಯದ ಮೇಲ್ಮನವಿ ನ್ಯಾಯಾಲಯ ಅದನ್ನು ರದ್ದು ಮಾಡಿತು. ಕಾರಣ ರಕ್ತಕಲೆಯಲ್ಲ. ಅವನ ವಿವಾಹೇತರ ಸಂಬಂಧಗಳ ಬಗ್ಗೆ ಸಾಕ್ಷ್ಯ ಹೇಳಿಸಿ ಜ್ಯೂರಿಯ ಮನಸ್ಸು ಕೆಡಿಸಲಾಗಿದೆ ಎಂಬುದು ಕಾರಣ.

2005ರಲ್ಲಿ ಆ ಸ್ವೆಟ್‌ಶರ್ಟಿನ ಡಿಎನ್‌ಎಯನ್ನು ಅಪರಾಧಿಗಳ ದತ್ತಾಂಶದೊಂದಿಗೆ ಹೋಲಿಸಿದಾಗ ಚಾರ್ಲ್ಸ್ ಬೋನಿ ಎಂಬವನ ಹೆಸರು ಬಂತು. ಹೆಂಗಸರ ಮೇಲೆ ದಾಳಿ ಮಾಡಿ ಜೈಲು ಸೇರಿ, ಕೊಲೆಗಳಿಗೆ ಕೆಲವೇ ತಿಂಗಳು ಮೊದಲು ಹೊರಬಂದವನು. ಹಿಂದಿನ ದಾಳಿಗಳಲ್ಲಿ ಹೆಂಗಸರ ಶೂ ಕದ್ದ ಚಾಳಿಯೂ ಇತ್ತು. ಜೈಲಿನಲ್ಲಿ ಅವನ ಅಡ್ಡಹೆಸರು ಬ್ಯಾಕ್‌ಬೋನ್. ಅಂಗೈ ಅಚ್ಚೂ ಅವನದೇ. ಕಾಲರಿನ ಮೇಲೆ ಬರೆದಿಟ್ಟಿದ್ದ ಹೆಸರನ್ನು ಓದಲು ನಾಲ್ಕು ವರ್ಷಕ್ಕಿಂತ ಹೆಚ್ಚು ಹಿಡಿಯಿತು. ಇದೇ ಡಿಎನ್‌ಎಯನ್ನು ದತ್ತಾಂಶದಲ್ಲಿ ಹುಡುಕಿಸಿ ಎಂದು ಮೊದಲ ವಿಚಾರಣೆಗೂ ಮುಂಚೆಯೇ ಕೇಳಿದ್ದೆವು, ಹುಡುಕಿಯಾಗಿದೆ ಏನೂ ಸಿಗಲಿಲ್ಲ ಎಂಬ ಉತ್ತರ ಬಂದಿತ್ತು ಎಂಬುದು ಪ್ರತಿವಾದಿ ಕಡೆಯ ದೂರು.

ಈಗಲಾದರೂ ಆ 8 ಚುಕ್ಕೆಗಳನ್ನು ಹೊಸದಾಗಿ ನೋಡಬೇಕಿತ್ತು. ಆದದ್ದು ಬೇರೆ. 2006ರ ಜನವರಿಯಲ್ಲಿ ಜ್ಯೂರಿ ಬೋನಿಯನ್ನು ತಪ್ಪಿತಸ್ಥ ಎಂದಿತು, ಮುಂದಿನ ತಿಂಗಳು ಶಿಕ್ಷೆಯಾಯಿತು, 225 ವರ್ಷ. ಬಂದೂಕು ಒದಗಿಸಿದ್ದು ನಾನು, ಕೊಂದದ್ದು ಕ್ಯಾಮ್ ಎಂದು ಅವನು ಹೇಳಿದ. ಅಭಿಯೋಜಕರು ಇಬ್ಬರೂ ಕೂಡಿ ಮಾಡಿದ ಸಂಚು ಎಂದು ಕಥೆಯನ್ನು ತಿದ್ದಿದರು. 2006ರ ಮಾರ್ಚ್‌ನಲ್ಲಿ ಎರಡನೆಯ ಜ್ಯೂರಿಯೂ ಕ್ಯಾಮ್‌ಗೆ ಶಿಕ್ಷೆ ಕೊಟ್ಟಿತು, ಪೆರೋಲ್ ಇಲ್ಲದ ಜೀವಾವಧಿ. ಕಥೆ ಪೂರ್ತಿ ಬದಲಾಯಿತು, ಚುಕ್ಕೆಗಳ ಹೆಸರು ಮಾತ್ರ ಬದಲಾಗಲಿಲ್ಲ. ಇಡೀ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಕಾಡುವುದು ಇದು. ಸಾಮಾನ್ಯವಾಗಿ ಹೊಸ ಸಾಕ್ಷ್ಯ ಬಂದರೆ ಹಳೆಯ ಅಭಿಪ್ರಾಯ ಅಲುಗಾಡಬೇಕು. ಇಲ್ಲಿ ಹಳೆಯ ಅಭಿಪ್ರಾಯವನ್ನು ಗೂಟದಂತೆ ನೆಟ್ಟು, ಹೊಸ ಸಾಕ್ಷ್ಯವನ್ನು ಅದರ ಸುತ್ತ ಸುತ್ತಲಾಯಿತು.

2009ರ ಜೂನ್ 26ರಂದು ಇಂಡಿಯಾನಾ ಸುಪ್ರೀಂ ಕೋರ್ಟ್ ಈ ತೀರ್ಪನ್ನೂ ರದ್ದು ಮಾಡಿತು. ಮಗಳಿಗೆ ತಂದೆಯೇ ಲೈಂಗಿಕ ದೌರ್ಜನ್ಯ ಎಸಗಿದ್ದ ಎಂದು ಆಧಾರವಿಲ್ಲದೆ ಜ್ಯೂರಿಯ ಮುಂದೆ ಹೇಳಲಾಗಿತ್ತು, ಅದೇ ಕಾರಣ. ಮೂರನೆಯ ವಿಚಾರಣೆ 2013ರಲ್ಲಿ ಇಂಡಿಯಾನಾದ ಲೆಬನಾನ್ ಎಂಬ ಊರಿನಲ್ಲಿ ನಡೆಯಿತು. ಈ ಬಾರಿ ಬಟ್ಟೆ ಮುಟ್ಟಿದಾಗ ಉಳಿಯುವ ಅಲ್ಪ ಪ್ರಮಾಣದ ಡಿಎನ್‌ಎಯನ್ನು ನೆದರ್‌ಲೆಂಡ್ಸ್‌ನ ತಜ್ಞರು ಪರೀಕ್ಷಿಸಿದ್ದರು. ತಾಯಿಯ ಮತ್ತು ಮಗಳ ಬಟ್ಟೆಗಳ ಮೇಲೆ ಬೋನಿಯ ಡಿಎನ್‌ಎ ಇದೆ ಎಂದು ಅವರು ಸಾಕ್ಷ್ಯ ನುಡಿದರು. ಅಕ್ಟೋಬರ್ 24ರಂದು ಜ್ಯೂರಿ ಕ್ಯಾಮ್‌ನನ್ನು ಬಿಡುಗಡೆ ಮಾಡಿತು.

ಎರಡು ಬಾರಿ ತೀರ್ಪು ಬಿದ್ದದ್ದೂ ಚಾರಿತ್ರ್ಯದ ಬಗೆಗಿನ ಸಾಕ್ಷ್ಯದಿಂದ ಎಂಬುದನ್ನು ಗಮನಿಸಿ. ಯಾವ ಮೇಲ್ಮನವಿಯಲ್ಲೂ ರಕ್ತಕಲೆಯ ಅಭಿಪ್ರಾಯದ ವೈಜ್ಞಾನಿಕತೆ ತೀರ್ಪನ್ನು ಉರುಳಿಸಲಿಲ್ಲ. ಆ ಕೆಲಸವನ್ನು ಹನ್ನೆರಡು ಜನ ಸಾಮಾನ್ಯರಿಗೆ ಬಿಡಲಾಗಿತ್ತು. ಬಿಳಿ ಕೋಟಿನ ತಜ್ಞರೇ ಎದುರುಬದುರಾಗಿ ನಿಂತಿರುವಾಗ ಅವರು ಯಾವ ಅಳತೆಗೋಲಿನಿಂದ ತೀರ್ಮಾನಿಸಬೇಕಿತ್ತು?

ತಜ್ಞರು ಎಷ್ಟು ಸಲ ತಪ್ಪುತ್ತಾರೆ

ಆ ಅಳತೆಗೋಲು ಮೊದಲೆರಡು ವಿಚಾರಣೆಗಳ ಕಾಲಕ್ಕೆ ಇರಲೇ ಇಲ್ಲ. 2009ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ವರದಿ ಈ ಕ್ಷೇತ್ರದ ಅನಿಶ್ಚಿತತೆ ಅಗಾಧ, ಅಭಿಪ್ರಾಯಗಳು ವಿಜ್ಞಾನಕ್ಕಿಂತ ಹೆಚ್ಚು ವ್ಯಕ್ತಿನಿಷ್ಠ ಎಂದು ಹೇಳಿತು. ತಪ್ಪಿನ ಪ್ರಮಾಣ ಅಳೆಯುವ ಪ್ರಯೋಗಗಳು ಬಂದದ್ದು ಅದರ ನಂತರ. ಹೇಗೆ ಬಂದವು ಎಂದು ಸಂಶೋಧಕರಿಗೆ ಮೊದಲೇ ಗೊತ್ತಿರುವ ಕಲೆಗಳನ್ನು, ಆ ಉತ್ತರ ತಿಳಿಸದೆ, ತಜ್ಞರಿಗೆ ಕೊಟ್ಟು ಓದಿಸಿದರು. 2016ರಲ್ಲಿ ಪ್ರಕಟವಾದ ಅಧ್ಯಯನಗಳಲ್ಲಿ, ರಕ್ತ ಹೀರದ ಗಟ್ಟಿ ಮೇಲ್ಮೈಗಳಲ್ಲಿ ಸುಮಾರು 13 ಶೇಕಡಾ ವರ್ಗೀಕರಣ ತಪ್ಪಾಯಿತು. ಬಟ್ಟೆಯ ಮೇಲೆ ಅದು ಸುಮಾರು 23 ಶೇಕಡಾಕ್ಕೆ ಏರಿತು. ಪ್ರಕರಣದ ಹಿನ್ನೆಲೆಯಾಗಿ ಕೊಟ್ಟ ಕಥೆ ತಪ್ಪು ದಾರಿಯತ್ತ ಬೆರಳು ತೋರಿಸಿದರೆ ತಪ್ಪು ಇನ್ನೂ ಹೆಚ್ಚಾಯಿತು. 2021ರಲ್ಲಿ 75 ವೃತ್ತಿನಿರತ ವಿಶ್ಲೇಷಕರನ್ನು ಸೇರಿಸಿ, 192 ಮಾದರಿಗಳ ಚಿತ್ರ ಬಳಸಿ ನಡೆಸಿದ ದೊಡ್ಡ ಅಧ್ಯಯನದಲ್ಲಿ, ಕಾರಣ ಗೊತ್ತಿದ್ದ ಮಾದರಿಗಳಿಗೆ ಬಂದ ಉತ್ತರಗಳಲ್ಲಿ 11.2 ಶೇಕಡಾ ತಪ್ಪು. 7.8 ಶೇಕಡಾ ಉತ್ತರಗಳು ಬೇರೆ ವಿಶ್ಲೇಷಕರ ಉತ್ತರಕ್ಕೆ ನೇರ ವಿರುದ್ಧವಾಗಿದ್ದವು. ಪದಗಳ ಅರ್ಥದ ಬಗ್ಗೆಯೇ ಒಮ್ಮತವಿಲ್ಲದ್ದು ಇದಕ್ಕೆ ಒಂದು ಕಾರಣ ಎಂದು ಸಂಶೋಧಕರು ಗುರುತಿಸಿದರು.

ಈ ಅಂಕಿಗಳನ್ನು ನೇರವಾಗಿ ಕ್ಯಾಮ್ ಪ್ರಕರಣಕ್ಕೆ ಹಚ್ಚುವುದು ಸರಿಯಲ್ಲ. ಪ್ರಯೋಗದ ಕಲೆಗಳು ಬಹುಪಾಲು ಇನ್ನೂ ಸ್ಪಷ್ಟ, ಚುಕ್ಕೆಗಳ ಸಂಖ್ಯೆಯೂ ಹೆಚ್ಚು. ನಿಜ ಪ್ರಕರಣದ 8 ಚುಕ್ಕೆ ಅದಕ್ಕಿಂತ ಕಷ್ಟದ ಓದು, ಸುಲಭದ್ದಲ್ಲ. ಜೊತೆಗೆ ಆ ಸಹಾಯಕ ಅಂಗಿಯನ್ನು ನೋಡಿದಾಗ ತನಿಖೆಯ ಕಣ್ಣು ಯಾರ ಮೇಲಿದೆ ಎಂದು ಅವನಿಗೆ ಗೊತ್ತಿತ್ತು. ಕಣ್ಣು ಸುಳ್ಳು ಹೇಳಬೇಕೆಂದು ಹೊರಡುವುದಿಲ್ಲ. ಮಸುಕಾದದ್ದನ್ನು ಗೊತ್ತಿರುವ ಕಥೆಯಿಂದ ತುಂಬಿಕೊಳ್ಳುತ್ತದೆ. ಮಸುಕು ಹೆಚ್ಚಾದಷ್ಟೂ ಕಥೆಯ ಪಾಲು ಹೆಚ್ಚು. ಅದಕ್ಕೇ ಬಟ್ಟೆಯ ಮೇಲೆ ತಪ್ಪು ಹೆಚ್ಚು ಎಂಬುದೂ, ಕಥೆ ಕೊಟ್ಟರೆ ತಪ್ಪು ಹೆಚ್ಚು ಎಂಬುದೂ ನನಗೆ ಎರಡು ಬೇರೆ ಸಂಗತಿಗಳಾಗಿ ಕಾಣುವುದಿಲ್ಲ.

ತಡೆಯುವ ದಾರಿ ಇದೆ, ಅದಕ್ಕೆ ಹೊಸ ಯಂತ್ರವೂ ಬೇಕಿಲ್ಲ. ವಿಶ್ಲೇಷಕನಿಗೆ ಮೊದಲು ಕಲೆ ಮಾತ್ರ ಕೊಡಬೇಕು: ಅಂಗಿ, ಅಳತೆಪಟ್ಟಿ, ಸೂಕ್ಷ್ಮದರ್ಶಕ. ಕಂಡದ್ದನ್ನು ಕಾರಣದ ಪದ ಬಳಸದೆ ಬರೆಯಬೇಕು, ಸಹಿ ಹಾಕಬೇಕು. ಆಮೇಲೆ ಒಂದೊಂದಾಗಿ, ಬೇಕಾದಷ್ಟೇ ಮಾಹಿತಿ: ಅಂಗಿ ತೊಟ್ಟವನು ಏನು ಮಾಡಿದೆ ಎನ್ನುತ್ತಾನೆ, ದೇಹಗಳು ಎಲ್ಲಿದ್ದವು. ಅಭಿಪ್ರಾಯ ಬದಲಾದರೆ ಯಾವ ಮಾಹಿತಿಯಿಂದ ಬದಲಾಯಿತು ಎಂದು ದಾಖಲಾಗಬೇಕು. ಎರಡನೆಯ ವಿಶ್ಲೇಷಕನಿಗೆ ಮೊದಲನೆಯವನ ಉತ್ತರ ತಿಳಿದಿರಬಾರದು. ಡಿಎನ್‌ಎಗೆಂದು ಬಟ್ಟೆ ಕತ್ತರಿಸುವ ಮೊದಲು ಇದೆಲ್ಲ ಮುಗಿದಿರಬೇಕು, ಏಕೆಂದರೆ ಕತ್ತರಿಸಿದ ಮೇಲೆ ಆ ಚುಕ್ಕೆಯನ್ನು ಮತ್ತೆ ಯಾರೂ ಹಾಗೆ ನೋಡಲಾರರು. ಗಾಢ ಬಣ್ಣದ ಬಟ್ಟೆಯೇ ಆಗಲಿ, ತಿಳಿ ಬಣ್ಣದ್ದೇ ಆಗಲಿ, ಅದೇ ಜಾತಿಯ ಬಟ್ಟೆಯ ಮೇಲೆ ಎರಡೂ ಬಗೆಯಲ್ಲಿ ರಕ್ತ ಹಾಕಿ ಹೋಲಿಸಿ ನೋಡದೆ ಒಂದನ್ನು ಆರಿಸಕೂಡದು.

ಬಿಡುಗಡೆಯ ನಂತರ ಕ್ಯಾಮ್ ತನಿಖೆ ನಡೆಸಿದವರ ವಿರುದ್ಧ ದಾವೆ ಹೂಡಿದ. ಕೆಳ ನ್ಯಾಯಾಲಯ ಅದನ್ನು ವಜಾ ಮಾಡಿತ್ತು. 2019ರ ಸೆಪ್ಟೆಂಬರ್‌ನಲ್ಲಿ ಇಂಡಿಯಾನಾ ಒಳಗೊಂಡ ಏಳನೆಯ ಸರ್ಕ್ಯೂಟ್ ವಲಯದ ಫೆಡರಲ್ ಮೇಲ್ಮನವಿ ನ್ಯಾಯಾಲಯ ದಾವೆಯ ಕೆಲವು ಭಾಗಗಳಿಗೆ ಮತ್ತೆ ಜೀವ ಕೊಟ್ಟಿತು. ಮೊದಲ ಬಂಧನದ ಪ್ರಮಾಣಪತ್ರ, ಸಹಾಯಕನ ಅರ್ಹತೆಯ ಬಗ್ಗೆ ಮುಚ್ಚಿಟ್ಟದ್ದು, ಸ್ವೆಟ್‌ಶರ್ಟಿನ ಡಿಎನ್‌ಎ ನಿರ್ವಹಿಸಿದ ರೀತಿ, ಇವು ಜ್ಯೂರಿಯ ಮುಂದೆ ಹೋಗಲು ಯೋಗ್ಯವಾದ ಪ್ರಶ್ನೆಗಳು ಎಂದಿತು.

2000ದ ಅಕ್ಟೋಬರ್‌ನಲ್ಲಿ ಆ ಅಂಗಿಯ ಬಗ್ಗೆ ಪ್ರಾಮಾಣಿಕವಾಗಿ ಬರೆಯಬಹುದಾಗಿದ್ದ ವರದಿ ನಾಲ್ಕು ಸಾಲಿನದು. ಕೆಳ ಅಂಚಿನ ಬಳಿ 1 ಮಿಲಿಮೀಟರ್‌ಗಿಂತ ಚಿಕ್ಕ 8 ಚುಕ್ಕೆಗಳಿವೆ. ರಕ್ತ ಮಗಳದು. ಹೆಣಿಗೆ ಬಟ್ಟೆಯಾದ್ದರಿಂದ ದಿಕ್ಕು, ಕೋನ ತಿಳಿಯುವುದಿಲ್ಲ. ಇವು ಹಾರಿ ಬಂದವೋ ತಾಗಿ ಬಂದವೋ ಎಂದು ಇಷ್ಟರಿಂದ ಹೇಳಲಾಗದು.